ಚೀಟಿ ನುಂಗಿದವರು, ಕಡ್ಡಿ ಹಾಕಿದವರು

ಗರ್ಭಪಾತ ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ಅಮೆರಿಕದ ಶಿಕಾಗೋದಲ್ಲಿ ಗುಟ್ಟಾಗಿ ಅದನ್ನು ಮಾಡಿಸುತ್ತಿದ್ದ ಹೆಂಗಸರ ‘ಜೇನ್’ ತಂಡದ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿ ನಿವೃತ್ತ ನರ್ಸ್ ಒಬ್ಬರು ದಾವಣಗೆರೆಯಿಂದ ಬರೆದಿದ್ದಾರೆ: ‘ಡಾಕ್ಟರಿಕೆ ಓದದವರು ಬಸಿರು ತೆಗೆದದ್ದು ಸಾಹಸವೇ? ಎಕ್ಕದ ಕಡ್ಡಿ ಹಾಕಿಸಿಕೊಂಡು ನಂಜೇರಿದವರನ್ನು ಎಂಬತ್ತರ ದಶಕದಲ್ಲೂ ನಮ್ಮ ವಾರ್ಡಿನಲ್ಲಿ ಕಂಡಿದ್ದೇನೆ. ಇವರಿಗೂ ಅವರಿಗೂ ಏನು ವ್ಯತ್ಯಾಸ? ಪೊಲೀಸರು ಹಿಡಿದಾಗ ಚೀಟಿ ನುಂಗಿದ್ದಂತೂ ಕಟ್ಟುಕತೆ.’

ಅಮ್ಮಾ, ತಪ್ಪು ನಮ್ಮದೂ ಇದೆ. ಜಾಗ ಸಾಲದೆ ಲೇಖನ ಕತ್ತರಿಸಿದಾಗ ಮುಖ್ಯ ಭಾಗವೇ ಹಾರಿಹೋಯಿತು. 1965ರಲ್ಲಿ ಹೆದರ್ ಬೂತ್ ಎಂಬ ವಿದ್ಯಾರ್ಥಿನಿ ಗೆಳೆಯನ ಸೋದರಿಗೆ ಹುಡುಕಿಕೊಟ್ಟದ್ದು ಟಿ.ಆರ್.ಎಂ. ಹೊವಾರ್ಡ್ ಎಂಬ ಅಸಲಿ ಡಾಕ್ಟರನ್ನೇ. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಕರೆಗಳು ಹೆಚ್ಚಿದವು, ತಂಡ ಕಟ್ಟಬೇಕಾಯಿತು. ಮುಂದೆ ತಂಡ ನೆಚ್ಚಿಕೊಂಡಿದ್ದ ‘ಡಾಕ್ಟರ್’ ಡಾಕ್ಟರೇ ಅಲ್ಲ ಎಂದು ಬಯಲಾಯಿತು. ಕೆಲವರು ತಂಡ ಬಿಟ್ಟೇ ಹೋದರು. ಉಳಿದವರು ಅವನಿಗೆ ಬಂದ ವಿದ್ಯೆ ತಮಗೇಕೆ ಬಾರದು ಎಂದು ತಾವೇ ಕಲಿತರು. 500 ಡಾಲರ್ ಇದ್ದ ಖರ್ಚು 100ಕ್ಕೆ, ಅದಕ್ಕೂ ಕೆಳಗೆ ಇಳಿದದ್ದು ಆಮೇಲೆ.

ಸರ್ಟಿಫಿಕೇಟು ಇಬ್ಬರಿಗೂ ಇರಲಿಲ್ಲ, ಒಪ್ಪಿದೆ. ಆದರೆ ಕಡ್ಡಿ ಹಾಕಿದವಳು ಮನೆಗೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದಳು. ಇವರು ಮೊದಲೇ ಕೂರಿಸಿಕೊಂಡು ಏನೇನು ಮಾಡುತ್ತೇವೆಂದು ಬಿಡಿಸಿ ಹೇಳುತ್ತಿದ್ದರು. ಮಲಗಿದವಳ ಕೈ ಹಿಡಿದು ಪಕ್ಕದಲ್ಲೊಬ್ಬಳು ಇರುತ್ತಿದ್ದಳು. ಹೊರಡುವಾಗ ನಂಜಾಗದಂತೆ ಮಾತ್ರೆ, ಆಮೇಲೆ ಫೋನಿನಲ್ಲಿ ವಿಚಾರಣೆ. ಹೀಗೆ ಸುಮಾರು 11,000 ಹೆಂಗಸರು. ಅಪಾಯವೇ ಇರಲಿಲ್ಲ ಎನ್ನಲಾರೆ. ವಾರ್ಡಿನಲ್ಲಿ ನಿಂತವರು ನೀವು, ನಾನಲ್ಲ.

ಚೀಟಿಯ ಮಾತು ಮಾತ್ರ ಕಟ್ಟುಕತೆಯಲ್ಲ. 1972ರ ಮೇ 3ರಂದು ಪೊಲೀಸರು ತಂಡದ ಏಳು ಮಂದಿಯನ್ನು ಹಿಡಿದರು. ಒಬ್ಬಳ ಕೈಚೀಲದಲ್ಲಿ ಸಹಾಯ ಕೇಳಿದವರ ಕಾರ್ಡುಗಳಿದ್ದವು. ವ್ಯಾನಿನೊಳಗೇ ಹೆಸರು, ವಿಳಾಸ ಇದ್ದಷ್ಟು ತುಂಡು ಹರಿದು, ಅಗಿದು ನುಂಗಿದರು. ಮರುವರ್ಷ ಜನವರಿಯಲ್ಲಿ ಗರ್ಭಪಾತ ಹೆಂಗಸರ ಹಕ್ಕೆಂದ ಅಲ್ಲಿನ ಸುಪ್ರೀಂ ಕೋರ್ಟಿನ ರೋ ವರ್ಸಸ್ ವೇಡ್ ತೀರ್ಪು ಬಂತು, ಅವರ ಮೇಲಿನ ಮೊಕದ್ದಮೆ ಬಿದ್ದುಹೋಯಿತು.

ಡಾಕ್ಟರ ಕೈಯಲ್ಲಿ ಗರ್ಭಪಾತ ಮಾಡಿಸಿಕೊಳ್ಳಲು ಅನುಮತಿ ಕೊಟ್ಟ ನಮ್ಮ ದೇಶದ ಎಂಟಿಪಿ ಕಾಯ್ದೆ ಜಾರಿಗೆ ಬಂದದ್ದು ಅದೇ 1972ರ ಏಪ್ರಿಲ್ 1ರಂದು. ಅಲ್ಲಿ ಅವರು ಕಾಗದ ಅಗಿಯುವ ಹೊತ್ತಿಗೆ ಇಲ್ಲಿ ಆಸ್ಪತ್ರೆಯ ಬಾಗಿಲು ತೆರೆದು ತಿಂಗಳಾಗಿತ್ತು. ಮತ್ತೆ ಎಂಬತ್ತರಲ್ಲೂ ಕಡ್ಡಿಯೇಕೆ? ಆ ವಾರ್ಡಿಗೆ ಬಂದವರು ಏನು ಹೇಳುತ್ತಿದ್ದರು, ಯಾರಿಗೆ ಹೆದರಿ ನೆಟ್ಟಗೆ ನಿಮ್ಮ ಬಳಿ ಬರಲಿಲ್ಲ? ಯಾರ ಹೆಸರೂ ಬೇಡ, ಕಂಡದ್ದನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ, ಈ ಸಲ ಕತ್ತರಿ ಹಾಕುವುದಿಲ್ಲ.

– ಸಂ.