ರಿಪೇರಿಗೆ ಬಂದವರು ‘ಯಾವಾಗ ಸಿಗುತ್ತೆ, ಅಲ್ಲಿವರೆಗೆ ಬೇರೆ ಫೋನ್ ಕೊಡ್ತೀರಾ?’ ಅಂದರೆ ಏನು ಹೇಳಬೇಕು?

ವಿರಾಜಪೇಟೆಯಲ್ಲಿ ಹೊಸದಾಗಿ ಮೊಬೈಲ್ ರಿಪೇರಿ ಅಂಗಡಿ ಹಾಕಿದ್ದೇನೆ, ಗಿರಾಕಿಗಳು ದಿನಾ ಇವೆರಡೇ ಪ್ರಶ್ನೆ ಕೇಳುತ್ತಾರೆ ಅಂತ ಬರೆದಿದ್ದೀರಿ. ನಾನು ಹನ್ನೊಂದು ವರ್ಷದಿಂದ ಗೋಣಿಕೊಪ್ಪದಲ್ಲಿ ಇದೇ ಕೆಲಸದಲ್ಲಿದ್ದೇನೆ. ಮೊದಲು ‘ನಾಳೆ ಬನ್ನಿ’ ಅನ್ನುವ ಮಾತು ಬಿಟ್ಟುಬಿಡಿ.

ಒಂದು ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಬಿರುನಾಣಿ ಕಡೆಯ ಅಜ್ಜಿಯೊಬ್ಬರು ಫೋನ್ ತಂದರು. ಮಳೆಗೆ ನೆನೆದದ್ದನ್ನು ಎರಡು ದಿನ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರಂತೆ. ಸಿಮ್ ಟ್ರೇ ಎಳೆದು ನೋಡಿದರೆ ನೀರು ತಾಗಿದರೆ ಬಣ್ಣ ಬದಲಾಗುವ ಒಳಗಿನ ಬಿಳಿ ಚುಕ್ಕಿ ಕೆಂಪಾಗಿತ್ತು. ಚಾರ್ಜಿಂಗ್ ಪಿನ್ ಮೇಲೆ ಹಸಿರು ಕಿಲುಬು, ಅದರ ಮಧ್ಯೆ ಒಂದು ನುಚ್ಚು. ನಾನು ಬಾಯಿಮಾತಿಗೆ ‘ನಾಳೆ ಆಗುತ್ತೆ ಅಜ್ಜಿ’ ಅಂದೆ. ಪಾರ್ಟ್ ಮೈಸೂರಿನಿಂದ ಬರಬೇಕಿತ್ತು, ಬರಲಿಲ್ಲ. ಅವರು ಆ ಮಳೆಯಲ್ಲಿ ಮೂರು ಸಲ ಬಸ್ಸು ಹತ್ತಿ ಬಂದರು. ಮೂರನೇ ಸಲ, ‘ಮಗ ಮಿಲಿಟರಿಯಲ್ಲಿದ್ದಾನೆ, ರಾತ್ರಿ ಎಂಟಕ್ಕೆ ಮಾಡ್ತಾನೆ. ಸಿಗದೆ ಎಷ್ಟು ಹೆದರಿದನೋ’ ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು.

ಆಮೇಲೆ ನಾನು ಒಳಗೆ ನೀರು ಹೋದ ಫೋನಿಗೆ ದಿನ ಹೇಳುವುದನ್ನೇ ನಿಲ್ಲಿಸಿದೆ. ‘ಬಿಚ್ಚಿ, ತೊಳೆದು, ಒಣಗಿಸಿದ ಮೇಲೇ ಗೊತ್ತಾಗುವುದು. ನಾಳಿದ್ದು ಸಂಜೆ 5ಕ್ಕೆ ನಾನೇ ಫೋನ್ ಮಾಡ್ತೀನಿ, ಯಾವ ನಂಬರಿಗೆ ಮಾಡಲಿ?’ ಅನ್ನುತ್ತೇನೆ. ಆ ಹೊತ್ತಿಗೆ ಕೆಲಸ ಆಗದಿದ್ದರೂ ಮಾಡುತ್ತೇನೆ. ‘ಪಾರ್ಟ್ ಬಂದಿಲ್ಲ’ ಅನ್ನುವುದೂ ಅವರಿಗೆ ಬೇಕಾದ ಸುದ್ದಿಯೇ, ಒಂದು ಬಸ್ ಚಾರ್ಜ್ ಉಳಿಯುತ್ತದೆ ಅಲ್ವಾ?

‘ಇದು ವಾಟರ್‌ಪ್ರೂಫ್, ಹೇಗೆ ಹಾಳಾಯ್ತು?’ ಅಂತಲೂ ಕೇಳುತ್ತಾರೆ. ಇಂಥ ಫೋನಿಗೆ ಕೊಡುವ ಐಪಿ68 ಅನ್ನುವ ಗುರುತು ಅಂದರೆ ಹೊಸ ಫೋನನ್ನು ಸಿಹಿನೀರಿನಲ್ಲಿಟ್ಟು ಮಾಡಿದ ಪರೀಕ್ಷೆ. ಫೋನ್ ಹಳೆಯದಾದಂತೆ, ಒಮ್ಮೆ ಬಿಚ್ಚಿದರೆ ಇನ್ನೂ ಜಾಸ್ತಿ, ಒಳಗಿನ ಅಂಟು ಸಡಿಲವಾಗುತ್ತದೆ. ನೀರಿನಿಂದ ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿಯೂ ಇರುವುದಿಲ್ಲ. ಇದನ್ನು ಸಮಾಧಾನದಿಂದ ಹೇಳಿ, ಕೆಂಪು ಚುಕ್ಕಿಯನ್ನು ಕಣ್ಣಾರೆ ತೋರಿಸಿ.

ಇನ್ನು ಬೇರೆ ಫೋನಿನ ವಿಷಯ. ಕೊಡುವ ಮೊದಲು ‘ಯಾತಕ್ಕೆ ಬೇಕು?’ ಅಂತ ಕೇಳಿ. ಕಾಲ್ ಮತ್ತು ಓಟಿಪಿಗಾದರೆ ಕೀಪ್ಯಾಡ್ ಫೋನ್ ಸಾಕು. ಆದರೆ ಜಿಯೋ ಸಿಮ್ ಇದ್ದರೆ 4ಜಿ ಕೀಪ್ಯಾಡೇ ಬೇಕು, ಹಳೆಯ ಕೀಪ್ಯಾಡ್ ಫೋನುಗಳು ನಡೆಯುವ 2ಜಿ ನೆಟ್‌ವರ್ಕ್ ಜಿಯೋಗೆ ಇಲ್ಲ. ಚಿಕ್ಕ ಸಿಮ್ ದೊಡ್ಡ ಸ್ಲಾಟಿನಲ್ಲಿ ಕೂರುವುದಿಲ್ಲ, ಅಡಾಪ್ಟರ್ ಇಟ್ಟುಕೊಂಡಿರಿ. ಸ್ಮಾರ್ಟ್‌ಫೋನೇ ಬೇಕು ಅನ್ನುವವರಿಗೆ ಯುಪಿಐ ಬಗ್ಗೆ ಮೊದಲೇ ಹೇಳಿ: ಹೊಸ ಫೋನಿನಲ್ಲಿ ಮತ್ತೆ ನೋಂದಣಿ ಆಗಬೇಕು, ಮೊದಲ 24 ಗಂಟೆ ಕಳಿಸುವ ಹಣಕ್ಕೆ ಮಿತಿ ಇರುತ್ತದೆ. ನಾಲ್ಕು ದಿನಕ್ಕೆ ಆ ತಾಪತ್ರಯ ಬೇಡ ಅಂತ ಅರ್ಧ ಜನ ಕೀಪ್ಯಾಡಿಗೇ ಒಪ್ಪುತ್ತಾರೆ. ವಾಟ್ಸಾಪ್ ಹಾಕಿದರೆ ಹಳೆಯ ಚಾಟ್ ತಾನಾಗಿ ಬರುವುದಿಲ್ಲ, ಅದನ್ನೂ ಹೇಳಿ.

ಕೊಡುವಾಗ *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ನೋಡಿ ರಸೀದಿಯಲ್ಲಿ ಬರೆಯಿರಿ. ವಾಪಸ್ ಬಂದಾಗ ಅವರ ಎದುರೇ ಗೂಗಲ್ ಖಾತೆಯನ್ನು ಫೋನಿನಿಂದ ತೆಗೆದುಹಾಕಿಸಿ, ಆಮೇಲೆ ರೀಸೆಟ್ ಮಾಡಿ. ಅವರ ಮನೆಯ ಫೋಟೋ ನಿಮ್ಮ ಅಂಗಡಿಯ ಫೋನಿನಲ್ಲಿ ಉಳಿಯಬಾರದು. ರಿಪೇರಿಗೆ ಬಂದ ಫೋನಿನ ಪ್ಯಾಟರ್ನ್ ಲಾಕ್ ಚೀಟಿಯಲ್ಲಿ ಬರೆದು ಹಿಂದೆ ಅಂಟಿಸುವ ಅಭ್ಯಾಸವೂ ನನಗೆ ಇಷ್ಟವಿಲ್ಲ. ಸ್ಯಾಮ್‌ಸಂಗ್, ಪಿಕ್ಸೆಲ್‌ನ ಈಚಿನ ಫೋನುಗಳಲ್ಲಿ ಅವರ ಫೋಟೋ, ಮೆಸೇಜ್ ನಮಗೆ ಕಾಣದಂತೆ ಇಡುವ, ರಿಪೇರಿಗೆಂದೇ ಒಂದು ಮೋಡ್ ಇದೆ, ಅದನ್ನು ಅವರ ಕೈಯಿಂದಲೇ ಆನ್ ಮಾಡಿಸಿ.

ಜೂನ್ ಬರುವ ಮೊದಲು ಮೂರು ಕೀಪ್ಯಾಡ್ ಫೋನ್ ತೆಗೆದಿಡಿ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಕಥೆ ಗೊತ್ತಲ್ವಾ, ದಿನಾ ಸಂಜೆ ಪೂರ್ತಿ ಚಾರ್ಜ್ ಮಾಡಿಡಿ.