ಟೇಪು ಎಲ್ಲಿ ಹಿಡಿದರು? ಮನೆ ಕಟ್ಟುವವರ ಅಳತೆ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ದರದ ಬಗ್ಗೆಯೇ ಕೇಳಿವೆ. ಒಂದೊಂದಾಗಿ ಬಿಡಿಸಿ ನೋಡಿದರೆ ಜಗಳ ದರದ್ದಲ್ಲ, ಅಳತೆಯದ್ದು. ಆದ್ದರಿಂದ ಉತ್ತರಗಳೂ ಆ ಕಡೆಗೇ ವಾಲಿವೆ.

ಪ್ರಶ್ನೆ: 30×40 ಸೈಟಿನಲ್ಲಿ ಒಂದಂತಸ್ತಿನ ಮನೆ. ಸಾಮಾನು ಸಮೇತ ಚದರಕ್ಕೆ 2 ಲಕ್ಷ ಎಂದು ಮಾತಾಗಿತ್ತು. ಗೋಡೆಯಿಂದ ಗೋಡೆಗೆ ಹೊರಅಳತೆ 24×35 ಅಡಿ. ನಮ್ಮ ಲೆಕ್ಕಕ್ಕೆ ಎಂಟೂವರೆ ಚದರವೂ ಆಗುವುದಿಲ್ಲ. ಗುತ್ತಿಗೆದಾರರು ಹತ್ತೂಕಾಲು ಚದರಕ್ಕೆ ಬಿಲ್ ಕೊಟ್ಟಿದ್ದಾರೆ. ಮೋಸವೇ? (ತುಮಕೂರು)

ಉತ್ತರ: ಮೋಸ ಅನ್ನುವ ಮೊದಲು ಅವರು ಟೇಪನ್ನು ಎಲ್ಲಿ ಹಿಡಿದರು ಎಂದು ಕೇಳಿ. ಒಂದು ಚದರಕ್ಕೆ 100 ಚದರ ಅಡಿ, ಅದರಲ್ಲಿ ಯಾರಿಗೂ ತಕರಾರಿಲ್ಲ. ನೀವು ಗೋಡೆ ಅಳೆದಿದ್ದೀರಿ: 24×35 ಅಂದರೆ 840 ಚದರ ಅಡಿ. ಅವರು ಮೋಲ್ಡ್, ಅಂದರೆ ಮೇಲಿನ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟು) ಸ್ಲ್ಯಾಬು ಅಳೆದಂತಿದೆ. ನೀವು ಕಳಿಸಿದ ನಕ್ಷೆಯಲ್ಲಿ ಆರ್‌ಸಿಸಿ ಸುತ್ತಲೂ ಒಂದೂವರೆ ಅಡಿ ಹೊರಚಾಚಿದೆ. 27×38 ಅಂದರೆ 1026 ಚದರ ಅಡಿ. ವ್ಯತ್ಯಾಸ 1.86 ಚದರ, ರೂಪಾಯಿಯಲ್ಲಿ 3 ಲಕ್ಷ 72 ಸಾವಿರ.

ಕಟ್ಟಡದ ವಿಸ್ತೀರ್ಣ ಅಳೆಯಲು ಐ.ಎಸ್. 3861 ಎಂಬ ಭಾರತೀಯ ಮಾನಕವಿದೆ. ಅದರಂತೆ ಪ್ಲಿಂತ್ ವಿಸ್ತೀರ್ಣವನ್ನು (ಕಟ್ಟಡ ಆವರಿಸಿದ ಜಾಗ) ನೆಲದ ಮಟ್ಟದಲ್ಲಿ, ಗೋಡೆಯ ದಪ್ಪ ಸೇರಿಸಿ ಅಳೆಯಬೇಕು. ಪಾಯದ ಹೊರಚಾಚು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಖಾಸಗಿ ಗುತ್ತಿಗೆಯಲ್ಲಿ ನಡೆಯುವುದು ಕರಾರಿನ ಮಾತು. ‘ಆರ್‌ಸಿಸಿ ಅಳತೆ’ ಎಂದು ಬರೆದು ಸಹಿ ಹಾಕಿದ್ದರೆ ಬಿಲ್ ಸರಿ. ಏನೂ ಬರೆದಿಲ್ಲವೆಂದರೆ ಕೂತು ಮಾತಾಡುವುದೇ ದಾರಿ. ಹೊರಚಾಚಿಗೂ ಕಾಂಕ್ರೀಟು, ಕಂಬಿ, ಸೆಂಟ್ರಿಂಗ್ (ಕಾಂಕ್ರೀಟು ಸುರಿಯಲು ಕಟ್ಟುವ ಹಲಗೆ) ಬಿದ್ದಿದೆ, ಅದನ್ನು ಪುಕ್ಕಟೆ ಕೇಳುವುದು ನ್ಯಾಯವಲ್ಲ. ಆದರೆ ಅದರ ಕೆಳಗೆ ಗೋಡೆಯಿಲ್ಲ, ಟೈಲ್ಸ್ ಇಲ್ಲ, ವೈರಿಂಗ್ ಇಲ್ಲ. ಪೂರ್ತಿ ಚದರದ ದರ ಕೊಡುವುದೂ ನ್ಯಾಯವಲ್ಲ. ಚಾಚಿನ ಭಾಗಕ್ಕೆ ಬರೀ ಸ್ಲ್ಯಾಬಿನ ದರ ಹಾಕಿ ಇತ್ಯರ್ಥ ಮಾಡಿಕೊಳ್ಳಿ.

ಇನ್ನೂ ಕರಾರು ಬರೆಯದವರು ಇವಿಷ್ಟನ್ನು ಕಾಗದದ ಮೇಲೆ ತರಬೇಕು: ಬಾಲ್ಕನಿ ಪೂರ್ತಿಯೋ ಅರ್ಧವೋ, ಮೆಟ್ಟಿಲಿನ ಜಾಗವನ್ನು ಪ್ರತಿ ಅಂತಸ್ತಿನಲ್ಲೂ ಹಿಡಿಯುವರೋ, ಡ್ಯೂಪ್ಲೆಕ್ಸ್ ಹಾಲಿನ ಮೇಲಿನ ಖಾಲಿ ಜಾಗ ಎರಡು ಸಲ ಲೆಕ್ಕವೋ, ಪೋರ್ಟಿಕೊ, ಕಾಂಪೌಂಡು ಯಾರ ಖರ್ಚು. ಪಾಯದ ಆಳವನ್ನಂತೂ ಮರೆಯಲೇಬೇಡಿ. ಐದು ಅಡಿ ಎಂದು ಲೆಕ್ಕ ಹಾಕಿದ ದರಕ್ಕೆ ಎರೆಮಣ್ಣಿನಲ್ಲಿ ಎಂಟು ಅಡಿ ಇಳಿದರೆ ಹೆಚ್ಚುವರಿ ಮೂರಡಿಗೆ ಹೊಣೆ ಯಾರು?

ಸಂಪಿನ ದರ ಲೀಟರಿಗೆ ಇಷ್ಟು ಎಂದಿದ್ದರೆ ಯಾವ ಎತ್ತರದವರೆಗೆ ಎಂದೂ ಬರೆಸಿ. ಒಳಅಳತೆ 6×5 ಅಡಿ ಇದ್ದು ನೀರು ನಿಲ್ಲುವ ಎತ್ತರ 5 ಅಡಿಯಾದರೆ 150 ಘನ ಅಡಿ, ಘನ ಅಡಿಗೆ 28.3 ಲೀಟರಿನಂತೆ ಸುಮಾರು 4,245 ಲೀಟರು. ಮುಚ್ಚಳದ ಸ್ಲ್ಯಾಬಿನ ತಳದವರೆಗೆ 6 ಅಡಿ ಹಿಡಿದರೆ ಅದೇ ಸಂಪು 5,094 ಲೀಟರು. ಎಂದೂ ತುಂಬದ 849 ಲೀಟರಿಗೆ ನೀವು ದುಡ್ಡು ಕೊಟ್ಟಂತೆ.

ಪ್ರಶ್ನೆ: ಗಾರೆ ಕೆಲಸ ಚದರ ಅಡಿ ಲೆಕ್ಕ. ಬಾಗಿಲು, ಕಿಟಕಿ ಕಳೆಯಬೇಕು ಅಂತ ನಾವು. ‘ಯಾರೂ ಕಳೆಯೋದಿಲ್ಲ ಸಾರ್’ ಅಂತ ಮೇಸ್ತ್ರಿ. ಯಾರು ಸರಿ? (ಹಾವೇರಿ)

ಉತ್ತರ: ಇಬ್ಬರೂ ಅರ್ಧರ್ಧ ಸರಿ. ಕಟ್ಟಡ ಕೆಲಸಗಳ ಅಳತೆಗೆ ಐ.ಎಸ್. 1200 ಎಂಬ ಮಾನಕವಿದೆ, ಅದರ 12ನೇ ಭಾಗ ಪ್ಲಾಸ್ಟರಿಂಗಿನದು. ತೆರೆದ ಜಾಗ ಅರ್ಧ ಚದರ ಮೀಟರಿನವರೆಗೆ (ಸುಮಾರು 5.4 ಚದರ ಅಡಿ) ಇದ್ದರೆ ಏನೂ ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರಿನವರೆಗೆ (ಸುಮಾರು 32.3 ಚದರ ಅಡಿ) ಇದ್ದರೆ ಗೋಡೆಯ ಒಂದು ಮೈಗೆ ಮಾತ್ರ ಕಳೆಯಬೇಕು, ತೆರೆದ ಜಾಗದ ಒಳಬದಿಗಳ ಗಾರೆಯನ್ನು ಸೇರಿಸುವಂತಿಲ್ಲ. ಅದನ್ನೂ ಮೀರಿದರೆ ಎರಡೂ ಮೈಗೆ ಕಳೆದು, ಬದಿ ಮತ್ತು ಮೇಲ್ತಳದ ಗಾರೆಯನ್ನು ಅಳೆದು ಸೇರಿಸಬೇಕು.

ನಿಮ್ಮ ಮನೆಗೇ ಹಚ್ಚಿ ನೋಡೋಣ. ಬಾತ್‌ರೂಮಿನ ವೆಂಟಿಲೇಟರ್ 2×1.5 ಅಡಿ, 3 ಚದರ ಅಡಿ: ಕಳೆಯಬೇಡಿ. ಬಾಗಿಲು 3×7, ಅಂದರೆ 21 ಚದರ ಅಡಿ: ಒಳಗೂ ಹೊರಗೂ ಸೇರಿ 42 ಅಲ್ಲ, 21 ಮಾತ್ರ ಕಳೆಯಿರಿ. ಮುಂದಿನ ಅಂಗಡಿಯ ರೋಲಿಂಗ್ ಶಟರ್ 10×8: ಎರಡೂ ಮೈಗೆ 160 ಕಳೆದು, 9 ಇಂಚಿನ ಗೋಡೆಯ ಎರಡು ಬದಿ ಮತ್ತು ಮೇಲ್ತಳ ಸೇರಿ 26 ಅಡಿ ಉದ್ದಕ್ಕೆ ಮುಕ್ಕಾಲು ಅಡಿಯಂತೆ 19.5 ಚದರ ಅಡಿ ಸೇರಿಸಿ.

ಒಂದು ಮೈ ಬಿಟ್ಟುಕೊಡುವುದಕ್ಕೆ ಕಾರಣವಿದೆ. ಬಾಗಿಲಿನ ಎರಡು ಬದಿ, ಮೇಲ್ತಳ ಸೇರಿ 17 ಅಡಿ. ಮುಕ್ಕಾಲು ಅಡಿ ಅಗಲಕ್ಕೆ ಸುಮಾರು 12.75 ಚದರ ಅಡಿ ಗಾರೆ ಅಲ್ಲಿ ಹಿಡಿಯುತ್ತದೆ. ಅಂಚನ್ನು ತೂಕದ ಗುಂಡು ಹಿಡಿದು ನೇರವಾಗಿ ಎಬ್ಬಿಸುವುದು ಬಯಲು ಗೋಡೆಗಿಂತ ನಿಧಾನದ ಕೆಲಸ. ಪ್ರತಿ ಕಿಟಕಿಯ ಬದಿಯನ್ನೂ ಅಳೆಯುತ್ತ ಕೂರುವ ಬದಲು ಮಾನಕ ಒಂದು ಮೈಯನ್ನು ಮೇಸ್ತ್ರಿಗೆ ಬಿಟ್ಟಿದೆ. ಒಳಗೊಂದು ಹೊರಗೊಂದು ದರವಿದ್ದರೆ, ಚೌಕಟ್ಟಿನ ಯಾವ ಕಡೆ ಬದಿ ಕಡಿಮೆ ಅಗಲ ಉಳಿದಿದೆಯೋ ಆ ಕಡೆಯ ದರದಲ್ಲಿ ಕಳೆಯಬೇಕು.

ಬಣ್ಣದವರ ಲೆಕ್ಕ ಬೇರೆ. ಪ್ಯಾನೆಲ್ ಬಾಗಿಲಿಗೆ ಚೌಕಟ್ಟು ಸೇರಿಸಿ ಅಳೆದ ಅಳತೆಯನ್ನು ಪ್ರತಿ ಮೈಗೆ 1.3ರಿಂದ ಗುಣಿಸುತ್ತಾರೆ, ಫ್ಲಶ್ (ಮಟ್ಟಸ ಮೈಯ) ಬಾಗಿಲಿಗೆ 1.2ರಿಂದ. ಹಾಗೆ ಗುಣಿಸಿದ ಮೇಲೆ ಚೌಕಟ್ಟಿಗೆ, ಅಂಚಿಗೆ ಬೇರೆ ಹಣ ಕೇಳುವಂತಿಲ್ಲ.

ಪ್ರಶ್ನೆ: ಸಾವಿರ ಚದರ ಅಡಿ ಮೋಲ್ಡಿಗೆ ಎಷ್ಟು ಮೂಟೆ ಸಿಮೆಂಟ್ ತರಿಸಬೇಕು? ಒಬ್ಬರು 90 ಅಂದರು, ಇನ್ನೊಬ್ಬರು 130. (ಶಿವಮೊಗ್ಗ)

ಉತ್ತರ: ದಪ್ಪ ಹೇಳದೆ ಮೂಟೆ ಹೇಳುವವರನ್ನು ನಂಬಬೇಡಿ. 5 ಇಂಚು ಎಂದಿಟ್ಟುಕೊಳ್ಳೋಣ. 1000 ಚದರ ಅಡಿಗೆ 416.7 ಘನ ಅಡಿ, ಅಂದರೆ 11.8 ಘನ ಮೀಟರ್ ಕಾಂಕ್ರೀಟು. ಕಲಸಿದಾಗ ಮರಳು ಜಲ್ಲಿಯ ಸಂದುಗಳಲ್ಲಿ ಕೂರುತ್ತದೆ, ಸಿಮೆಂಟು ಮರಳಿನ ಸಂದುಗಳಲ್ಲಿ. ಹಾಗಾಗಿ ಒಣ ಸಾಮಾನು ಸುಮಾರು 1.54 ಪಟ್ಟು ಬೇಕು: 18.17 ಘನ ಮೀಟರ್. ಸಿಮೆಂಟು, ಮರಳು, ಜಲ್ಲಿಯ ಮಿಶ್ರಣ 1:1.5:3 ಆದರೆ ಭಾಗಗಳ ಮೊತ್ತ 5.5. ಸಿಮೆಂಟು 18.17 ಭಾಗಿಸು 5.5, ಅಂದರೆ 3.3 ಘನ ಮೀಟರ್, 50 ಕೆ.ಜಿ. ಮೂಟೆಗೆ 0.0347 ಘನ ಮೀಟರಿನಂತೆ 95 ಮೂಟೆ. ಮರಳು ಸುಮಾರು 175 ಘನ ಅಡಿ, ಜಲ್ಲಿ 350.

ಇದು ಬರೀ ಸ್ಲ್ಯಾಬು. 130 ಅಂದವರು ಬೀಮುಗಳನ್ನೂ ಸೇರಿಸಿರಬಹುದು. ಬೀಮನ್ನು ಅಳೆಯುವಾಗ ಸ್ಲ್ಯಾಬಿನ ದಪ್ಪ ಬಿಟ್ಟು, ಅದರ ಕೆಳಗೆ ಇಳಿದ ಆಳವನ್ನಷ್ಟೇ ಹಿಡಿಯಿರಿ. 9×15 ಇಂಚಿನ ಬೀಮಿಗೆ 5 ಇಂಚಿನ ಸ್ಲ್ಯಾಬಿದ್ದರೆ ಲೆಕ್ಕಕ್ಕೆ ಬರುವ ಆಳ 10 ಇಂಚು. ಪೂರ್ತಿ 15 ಹಿಡಿದರೆ ಅದೇ ಕಾಂಕ್ರೀಟಿಗೆ ಎರಡು ಸಲ ಹಣ ಕೊಟ್ಟ ಹಾಗೆ. ಒಳಗಿನ ಕಂಬಿಯ ಗಾತ್ರವನ್ನು ಮಾತ್ರ ಕಳೆಯುವ ಪದ್ಧತಿಯಿಲ್ಲ.

ನಿಜವಾದ ಎಡವಟ್ಟು ಸೆಂಟ್ರಿಂಗಿನಲ್ಲಿ. ಹಲಗೆ ಅರ್ಧ ಇಂಚು ಜಗ್ಗಿದರೆ, ಅಥವಾ ಮೇಲ್ಮಟ್ಟ ಅರ್ಧ ಇಂಚು ಏರಿದರೆ, ಸಾವಿರ ಅಡಿಗೆ 41.7 ಘನ ಅಡಿ ಹೆಚ್ಚು ನುಂಗುತ್ತದೆ. ಒಂಬತ್ತು ಹತ್ತು ಮೂಟೆ ಹೆಚ್ಚುವರಿ. ಕೊನೆಯ ಮೂಲೆಗೆ ಸಾಮಾನು ಸಾಲದೆ ಬರುವುದು ಬಹುಮಟ್ಟಿಗೆ ಹೀಗೇ. ಹಿಂದಿನ ದಿನವೇ ಮಟ್ಟದ ನಳಿಗೆಯಿಂದ (ನೀರು ತುಂಬಿದ ಪಾರದರ್ಶಕ ಕೊಳವೆ) ನಾಲ್ಕು ಮೂಲೆ, ನಡುವಿನ ಮೂರ್ನಾಲ್ಕು ಕಡೆ ಹಲಗೆಯ ಮಟ್ಟ ನೋಡಿ. ದಪ್ಪದ ಗುರುತಿಗೆ ಕಂಬಿಯ ತುಂಡುಗಳನ್ನು ನಿಲ್ಲಿಸಿ.

ಮರಳಿನ ಲೋಡು ಅಳೆಯುವಾಗ ಇನ್ನೊಂದು ಎಚ್ಚರ. ಒದ್ದೆ ಮರಳು ಉಬ್ಬುತ್ತದೆ. ಕಾಳುಗಳ ಸುತ್ತ ನೀರಿನ ಪೊರೆ ಕಟ್ಟಿ ಒಂದನ್ನೊಂದು ದೂರ ತಳ್ಳುತ್ತದೆ. ಪೂರ್ತಿ ನೀರಲ್ಲಿ ಮುಳುಗಿಸಿದರೆ ಪೊರೆ ಒಡೆದು ಮರಳು ಕೆಳಗೆ ಕೂರುತ್ತದೆ. ನೇರ ಗೋಡೆಯ ಗಾಜಿನ ಜಾಡಿಯಲ್ಲಿ 20 ಸೆಂ.ಮೀ. ಎತ್ತರಕ್ಕೆ ಮರಳು ಹಾಕಿ ಅಳತೆ ಬರೆದುಕೊಂಡು ಹೊರಗೆ ಸುರಿಯಿರಿ. ಜಾಡಿಯಲ್ಲಿ ಅರ್ಧ ನೀರು ತುಂಬಿ ಅದೇ ಮರಳನ್ನು ಮತ್ತೆ ಹಾಕಿ, ಕಡ್ಡಿಯಿಂದ ಕಲಕಿ, ಕೂರಲು ಬಿಡಿ. 16 ಸೆಂ.ಮೀ.ಗೆ ಇಳಿದರೆ ಉಬ್ಬು ಶೇ. 25. ಅಂದರೆ 400 ಘನ ಅಡಿಯೆಂದು ಬಂದ ಲೋಡಿನಲ್ಲಿ ಇರುವುದು 320 ಮಾತ್ರ. ಟಿಪ್ಪರಿನವರೇನೂ ಕದ್ದಿಲ್ಲ; ಆದರೆ ಬಾಕ್ಸಿನಲ್ಲಿ ಅಳೆದು ಕಲಸುವಾಗ ಈ ಉಬ್ಬು ಸೇರಿಸದಿದ್ದರೆ ಕಾಂಕ್ರೀಟಿಗೆ ಮರಳು ಕಡಿಮೆ ಬಿದ್ದು ತಳದಲ್ಲಿ ಜಲ್ಲಿ ತೆರೆದು ಕಾಣುತ್ತದೆ.

ಪ್ರಶ್ನೆ: ಎಂಜಿನಿಯರ್ ಕೊಟ್ಟ ಪಟ್ಟಿಯಲ್ಲಿ ಕಂಬಿ 1,980 ಕೆ.ಜಿ., ಅಂಗಡಿಯ ಬಿಲ್‌ಗಳು 2,150 ಕೆ.ಜಿ. ಉಳಿದ 170 ಕೆ.ಜಿ. ಎಲ್ಲಿ ಹೋಯಿತು? (ಕಲಬುರಗಿ)

ಉತ್ತರ: ಮೊದಲು ಪಟ್ಟಿಯನ್ನೇ ಪರೀಕ್ಷಿಸಿ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂಬುದು ಸಿಗುತ್ತದೆ: 8 ಮಿ.ಮೀ.ಗೆ 0.395, 10ಕ್ಕೆ 0.617, 12ಕ್ಕೆ 0.889, 16ಕ್ಕೆ 1.58. ಎರಡು ಕಂಬಿ ಜೋಡಿಸುವ ಕಡೆ ಒಂದರ ಮೇಲೊಂದು ಬರುವ ಉದ್ದ (ಲ್ಯಾಪ್), ಮೇಲಿನ ಕಂಬಿ ಎತ್ತಿ ಹಿಡಿಯುವ ಕುರ್ಚಿ ಪಟ್ಟಿಯಲ್ಲಿದೆಯೇ ನೋಡಿ. ಇವು ಅಳತೆಗೆ ಸೇರಬೇಕು. ಕತ್ತರಿಸಿ ಉಳಿದ ತುಂಡು ಮತ್ತು ಕಟ್ಟುವ ತಂತಿ ಸೇರುವುದಿಲ್ಲ, ಅವು ದರದೊಳಗೇ ಬರಬೇಕು. 12 ಮಿ.ಮೀ. ಕಂಬಿಗೆ ವ್ಯಾಸದ 50 ಪಟ್ಟು ಲ್ಯಾಪ್ ಬಿಟ್ಟರೆ ಜೋಡಣೆಗೊಂದು 60 ಸೆಂ.ಮೀ., ಅರ್ಧ ಕೆ.ಜಿ.ಗಿಂತ ಹೆಚ್ಚೇ.

ಆಮೇಲೆ ಪಿಲ್ಲರಿನ ಉದ್ದ ಕಂಬಿಗಳ ಸುತ್ತ ಕಟ್ಟುವ ರಿಂಗುಗಳಿಗೆ ಬನ್ನಿ. 230×300 ಮಿ.ಮೀ. ಪಿಲ್ಲರಿಗೆ ಸುತ್ತ 40 ಮಿ.ಮೀ. ಕವರ್ (ಕಂಬಿಯ ಹೊರಗೆ ಉಳಿಯುವ ಕಾಂಕ್ರೀಟು) ಕಳೆದರೆ ರಿಂಗು 150×220, ಸುತ್ತಳತೆ 740. ಕವರ್ ಕಳೆಯದೆ ಕತ್ತರಿಸಿದರೆ 1,060. ರಿಂಗಿಗೆ 32 ಸೆಂ.ಮೀ. ಹೆಚ್ಚು, 8 ಮಿ.ಮೀ. ಕಂಬಿಯಲ್ಲಿ 126 ಗ್ರಾಂ. ಪಿಲ್ಲರಿಗೆ 21 ರಿಂಗು, 16 ಪಿಲ್ಲರು ಅಂದರೆ 42 ಕೆ.ಜಿ. ಇಲ್ಲೇ ಹೋಯಿತು. ದುಡ್ಡು ಹೋದದ್ದಷ್ಟೇ ಅಲ್ಲ, ಅಂಥ ರಿಂಗು ಸೆಂಟ್ರಿಂಗ್ ಹಲಗೆಗೆ ತಾಗಿ ಕೂತು ಮುಂದೆ ತುಕ್ಕು ಹಿಡಿಯುತ್ತದೆ.

ತೂಕದ ಪರೀಕ್ಷೆಯೂ ಸುಲಭ. 8 ಮಿ.ಮೀ. ಕಂಬಿಯ ಸರಿಯಾಗಿ ಒಂದು ಮೀಟರ್ ತುಂಡು ಕತ್ತರಿಸಿ ತೂಗಿ. ಕಂಬಿಯ ಮಾನಕ ಐ.ಎಸ್. 1786ರ ಪ್ರಕಾರ 10 ಮಿ.ಮೀ.ವರೆಗಿನ ಒಂಟಿ ತುಂಡು ಶೇ. 8ರಷ್ಟು ಕಡಿಮೆ ಬಂದರೆ ತಪ್ಪಿಲ್ಲ, ಅಂದರೆ 363 ಗ್ರಾಂಗಿಂತ ಕೆಳಗಿಳಿಯಬಾರದು. ಇನ್ನೊಂದು ಮಾತು: ಅಂಗಡಿಗೆ ವೇಬ್ರಿಡ್ಜ್ ತೂಕದಂತೆ ಹಣ, ಕಂಬಿ ಕಟ್ಟುವ ಬಾರ್ ಬೆಂಡರಿಗೆ ಸೂತ್ರದ ತೂಕದಂತೆ ಕೂಲಿ ಕೊಡುತ್ತಿದ್ದರೆ ಎರಡೂ ಅಂಕಿ ಕೂಡುವುದೇ ಇಲ್ಲ. ಯಾವುದಾದರೊಂದನ್ನು ಹಿಡಿಯಿರಿ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ಸೆಂಟರ್ ಲೈನ್ ವಿಧಾನದಲ್ಲಿ (ಗೋಡೆಗಳ ನಡುಗೆರೆಯ ಉದ್ದ ಕೂಡಿಸಿ ಲೆಕ್ಕ ಹಾಕುವುದು) ಪ್ರತಿ ಸಲ ನನ್ನ ಉತ್ತರ ತಪ್ಪುತ್ತದೆ. (ದಾವಣಗೆರೆ)

ಉತ್ತರ: ಕಳೆಯುವುದನ್ನು ಒಂದೇ ಸಲ ಕಳೆದು ಅದನ್ನೇ ಮೇಲಿನವರೆಗೂ ಒಯ್ಯುತ್ತಿದ್ದೀರಿ ಅನಿಸುತ್ತದೆ. ಪಕ್ಕಪಕ್ಕದ ಎರಡು ಕೋಣೆ, ಒಂದೊಂದರ ಒಳಅಳತೆ 4×3 ಮೀಟರ್, ಎಲ್ಲ ಗೋಡೆ 0.3 ಮೀಟರ್. ಉದ್ದದ ನಡುಗೆರೆ 8.6 ಮೀಟರಿನಂತೆ ಎರಡು, ಅಡ್ಡದ್ದು 3.3ರಂತೆ ಮೂರು: ಒಟ್ಟು 27.1. ನಡುಗೋಡೆ ಎರಡು ಕಡೆ ‘ಟಿ’ ಆಕಾರದಲ್ಲಿ ಸೇರುತ್ತದೆ. ಪ್ರತಿ ಸೇರುವಿಕೆಗೆ ಆಯಾ ಮಟ್ಟದ ಅರ್ಧ ಅಗಲ ಕಳೆಯಬೇಕು. ಪಾಯದ ಗುಂಡಿ 0.9 ಅಗಲವಾದರೆ ಉದ್ದ 26.2, 0.6ರ ಕಲ್ಲುಕಟ್ಟಡಕ್ಕೆ 26.5, 0.3ರ ಗೋಡೆಗೆ 26.8. ಮೂಲೆಗಳಲ್ಲಿ ಏನೂ ಕಳೆಯುವುದಿಲ್ಲ. ಗೋಡೆಗಳ ದಪ್ಪ ಬೇರೆ ಬೇರೆಯಾದರೆ ಕಳೆಯಬೇಕಾದ್ದು ಬಂದು ಸೇರುವ ಗೋಡೆಯ ಅರ್ಧವಲ್ಲ, ಅದು ಯಾವುದಕ್ಕೆ ತಾಗುತ್ತದೋ ಆ ಗೋಡೆಯ ಅರ್ಧ.

ಪ್ರಶ್ನೆ: ಪಾಯ ತೆಗೆದ ಮಣ್ಣಿಗೆ ಟಿಪ್ಪರ್ ಲೆಕ್ಕದಲ್ಲಿ ಹಣ ಕೇಳುತ್ತಿದ್ದಾರೆ. (ಮೈಸೂರು)

ಉತ್ತರ: ಅಗೆತದ ಕೂಲಿ ಗುಂಡಿಯ ಅಳತೆಗೆ, ಸಾಗಣೆ ಬೇಕಾದರೆ ಲೋಡಿಗೆ. 5×5×5 ಅಡಿಯ 16 ಗುಂಡಿಗೆ 2,000 ಘನ ಅಡಿ. ಅದೇ ಮಣ್ಣು ಸಡಿಲಾಗಿ ಕಾಲುಭಾಗ ಉಬ್ಬಿದರೆ ಟಿಪ್ಪರಿನಲ್ಲಿ 2,500. ಗುಂಡಿಯನ್ನು, ತಳಕ್ಕೆ ಬೆಡ್ ಕಾಂಕ್ರೀಟು ಬೀಳುವ ಮೊದಲೇ, ಇಬ್ಬರೂ ನಿಂತು ಅಳೆದು ಸಹಿ ಹಾಕಿ. ಮುಚ್ಚಿದ ಮೇಲೆ ಆಳಕ್ಕೆ ಸಾಕ್ಷಿಯಿಲ್ಲ.

ಪ್ರಶ್ನೆ: ಸಾಮಾನು ನಮ್ಮದು, ಕೂಲಿ ಮಾತ್ರ ಗುತ್ತಿಗೆ. ಅದರ ಮೇಲೂ ಶೇ. 18 ಜಿಎಸ್‌ಟಿ ಎನ್ನುತ್ತಾರೆ. (ಮಂಗಳೂರು)

ಉತ್ತರ: ನಿಮ್ಮದು ಬಿಡಿ ಮನೆಯ ಹೊಸ ಕಟ್ಟಡ, ಗುತ್ತಿಗೆ ಶುದ್ಧ ಕೂಲಿಯದ್ದು. ಹೀಗಿದ್ದರೆ 2017ರ ಅಧಿಸೂಚನೆಯಂತೆ ವಿನಾಯಿತಿ ಇದೆ. ಸಾಮಾನು ಸಮೇತ ಗುತ್ತಿಗೆಗೂ, ಹಳೆ ಮನೆಯ ಬಣ್ಣ ರಿಪೇರಿಗೂ ಈ ವಿನಾಯಿತಿ ಇಲ್ಲ. ಅಂದಾಜು ಪಟ್ಟಿ ಹಳೆಯದಾಗಿದ್ದರೆ ಸಿಮೆಂಟಿನ ಸಾಲನ್ನೂ ತಿದ್ದಿಸಿ: 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ.