ಬೆಳಗ್ಗೆ ಮಾತಾಡಿದ ಅಪ್ಪ

ಪ್ರಶ್ನೆ: ನಾನು 10 ವರ್ಷದಿಂದ ನಮ್ಮ ಸಭೆಯಲ್ಲಿ, ಅಂದರೆ ಚರ್ಚ್‌ನಲ್ಲಿ, ಹಿರಿಯ. ಆಗಾಗ ಪ್ರಸಂಗವನ್ನೂ (ಬೋಧನೆ) ಮಾಡುತ್ತೇನೆ. ಕಳೆದ ತಿಂಗಳು ತಾಳ್ಮೆಯ ಬಗ್ಗೆ ಮಾತಾಡಿದೆ, ತುಂಬ ಜನ ಮೆಚ್ಚಿಕೊಂಡರು. ಅದೇ ಮಧ್ಯಾಹ್ನ ಸಣ್ಣ ವಿಷಯಕ್ಕೆ ಹೆಂಡತಿಯ ಮೇಲೆ ಕೂಗಾಡಿದೆ. 16 ವರ್ಷದ ಮಗ, ‘ಬೆಳಗ್ಗೆ ಮಾತಾಡಿದ ಅಪ್ಪ ಮನೆಗೆ ಬರಲೇ ಇಲ್ವಾ?’ ಅಂದ. ಅಂದಿನಿಂದ ಸಭೆಗೆ ಬರುತ್ತಿಲ್ಲ. ನಾನು ಹಿರಿಯನ ಸ್ಥಾನ ಬಿಡಲೇ? ಪಾಸ್ಟರ್‌ಗೆ ಕಾರಣ ಹೇಳಲು ನಾಚಿಕೆ. ವಿಷಯ ಗೊತ್ತಾದರೆ ಜನರ ನಂಬಿಕೆ ಅಲುಗಾಡುತ್ತದೆ ಅನ್ನುವ ಭಯ ಬೇರೆ.

ಉತ್ತರ: ಮಗನ ಮಾತು ಚುರುಕ್ ಅನ್ನಿಸಿರಬೇಕು. ಆದರೆ ನಿಮ್ಮ ಪ್ರಸಂಗವನ್ನು ನಿಜವಾಗಿ ಕೇಳಿಸಿಕೊಂಡವನು ಅವನೇ, ಅಲ್ವಾ?

ಸ್ಥಾನದ ವಿಷಯ ಆಮೇಲೆ ನೋಡೋಣ. ಹೆಂಡತಿಯ ಹತ್ತಿರ ಕ್ಷಮೆ ಕೇಳಿದಿರಾ? ನಿಮ್ಮ ಪತ್ರದಲ್ಲಿ ಮಗನ ಚಿಂತೆ ಇದೆ, ಪಾಸ್ಟರ್ ಇದ್ದಾರೆ, ಸಭೆಯ ಜನ ಇದ್ದಾರೆ. ಬೈಸಿಕೊಂಡವರು ಮಾತ್ರ ಒಂದು ಸಾಲಿನಲ್ಲಿ ಬಂದು ಹೋಗಿದ್ದಾರೆ. ಓದುವಾಗ ನನಗೆ ಜಾಸ್ತಿ ಕಾಡಿದ್ದು ಅದೇ. ಯಜ್ಞವೇದಿಯ ಮುಂದೆ ನಿಂತಾಗ ಯಾರಿಗೋ ನಿನ್ನ ಮೇಲೆ ಬೇಸರವಿದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಹೇಳಿದ್ದು ಬೈಬಲಿನ ಮತ್ತಾಯ 5ರಲ್ಲಿದೆ. ಇಲ್ಲೂ ಅದೇ ಕ್ರಮ. ‘ಕೂಗಾಡಿದ್ದು ತಪ್ಪು’ ಅನ್ನಿ. ‘ಆದರೆ ನೀನೂ...’ ಅಂತ ಬಾಲ ಸೇರಿಸಬೇಡಿ. ಕ್ಷಮಿಸಲೇಬೇಕು ಅಂತ ವಾಕ್ಯ ತೆಗೆದು ತೋರಿಸಬೇಡಿ. ಕೂಗಾಟ ಮಗನಿಗೂ ಕೇಳಿಸಿದೆ, ಕ್ಷಮೆಯೂ ಅವನಿಗೆ ಕೇಳಿಸಲಿ.

ಇನ್ನು ಜನರ ಭಯ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದ ಕೂಡಲೇ, ಅಂಥ ಊಟವನ್ನು ಅವರು ಒಪ್ಪುವುದಿಲ್ಲ ಅಂತ ಹಿಂದೆ ಸರಿದ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಸರಿದ. ಅಪೊಸ್ತಲ ಪೌಲ ಎಲ್ಲರ ಮುಂದೆಯೇ ಪೇತ್ರನ ತಪ್ಪು ತೋರಿಸಿದ. ಪೇತ್ರನಿಗೆ ಸತ್ಯ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಯಾರು ಏನಂದುಕೊಳ್ಳುತ್ತಾರೋ ಅನ್ನುವ ಹೆದರಿಕೆ ಅಷ್ಟೆ. ಇದನ್ನು ಯಾರೂ ಮುಚ್ಚಿಡಲಿಲ್ಲ, ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹಾಗೇ ಇದೆ. ಅದರಿಂದ ಸಭೆಯೇನೂ ಮುರಿದು ಬೀಳಲಿಲ್ಲ.

ಸ್ಥಾನ ಬಿಡಬೇಕಾ? ಮನೆಯನ್ನೇ ನೋಡಿಕೊಳ್ಳಲಾಗದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಬೈಬಲಿನಲ್ಲಿ ತಿಮೊಥೆಗೆ ಬರೆದ ಮೊದಲ ಪತ್ರ ಕೇಳುತ್ತದೆ. ಅದು ಒಂದು ದಿನದ ಸಿಟ್ಟಿನ ಪ್ರಶ್ನೆಯಲ್ಲ, ರೂಢಿಯದ್ದು. ಒಂದು ಮಾತು ಹೇಳಲೇ? ಒಂದೇ ಮಧ್ಯಾಹ್ನದ ಕೂಗಾಟಕ್ಕೆ 16ರ ಹುಡುಗ ಸಭೆ ಬಿಡುವುದು ನನಗೆ ನಂಬಲು ಕಷ್ಟ. ಹಿಂದೆಯೂ ಹೀಗೇ ಆಗಿದೆಯಾ ಅಂತ ಹೆಂಡತಿಯನ್ನೇ ಕೇಳಿ. ಹೌದು ಅಂದರೆ ವಾದಕ್ಕಿಳಿಯಬೇಡಿ. ಪಾಸ್ಟರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ, ಕೆಲವು ತಿಂಗಳು ಪ್ರಸಂಗ ನಿಲ್ಲಿಸಿ. ‘ಆರೋಗ್ಯ ಸರಿಯಿಲ್ಲ’ ಅಂತ ಸುಮ್ನೆ ಜಾರಿಕೊಂಡರೆ ಅದು ಇನ್ನೊಂದು ಸುಳ್ಳು. ಹೆಂಡತಿಯ ಮೇಲೆ ಕೈ ಎತ್ತಿದ್ದರೆ, ಅಥವಾ ಅವರು ನಿಮಗೆ ಹೆದರಿ ಬದುಕುತ್ತಿದ್ದರೆ, ಇವತ್ತೇ ಸ್ಥಾನ ಬಿಡಿ. ಆಗ ಮೊದಲು ನೆರವು ಬೇಕಾದದ್ದು ಅವರಿಗೆ. ತಾಳಿಕೋ ಅನ್ನುವ ಉಪದೇಶ ಅವರಿಗೆ ಬೇಡವೇ ಬೇಡ.

ಮಗನನ್ನು ಭಾನುವಾರ ಬಲವಂತವಾಗಿ ಎಬ್ಬಿಸಬೇಡಿ. ಬರುತ್ತೇನೆ ಅಂತ ಅವನೇ ಹೇಳಿದ ದಿನ ಕರೆದುಕೊಂಡು ಹೋಗಿ.